ವಂಶಾವಳಿಯ ಕಾಗದಪತ್ರ: ಹೆಸರಿಗೊಂದು ಫೈಲೋ, ದಾಖಲೆಗೊಂದು ನಂಬರೋ?

ಮಲೆನಾಡಿಗ

ಮನೆತನದ ಕಾಗದಗಳು ಒಂದು ಟ್ರಂಕು ತುಂಬ ಇವೆ. ಕ್ರಯಪತ್ರ, ವಿಭಾಗಪತ್ರ, ಕೈಬರಹದ ಪಹಣಿ, ಲಗ್ನಪತ್ರಿಕೆ, ಜಾತಕ, ಮುಯ್ಯಿ ಪುಸ್ತಕ, ಫೋಟೊ ಎಲ್ಲ ಕಲಸಿಕೊಂಡಿವೆ. ಜೊತೆಗೆ ನೆಂಟರು ವಾಟ್ಸಾಪಿನಲ್ಲಿ ಕಳಿಸಿದ ಚಿತ್ರಗಳು. ಹಿರಿಯರ ಹೆಸರಿಗೊಂದು ಫೈಲು ಮಾಡಿ ಅವರವರದನ್ನು ಅದರೊಳಗೆ ಹಾಕೋಣ ಅಂತ ಯೋಚನೆ. ಈ ಕ್ರಮ ಸರಿಯೇ? ಕಂಪ್ಯೂಟರಿನಲ್ಲಿ ಯಾವುದರಲ್ಲಿ ಇಡುವುದು? ತಿಳಿದವರು ಹೇಳಿ.

ಕಂದಾಯದ ಕಟ್ಟು

ಹೆಸರಿಗೊಂದು ಫೈಲು ಬೇಡ ಸರ್. ಒಂದು ವಿಭಾಗಪತ್ರ ತೆಗೆದುಕೊಳ್ಳಿ. ಅದರಲ್ಲಿ ನಾಲ್ಕು ಜನ ಅಣ್ಣತಮ್ಮಂದಿರು, ಜೀವನಾಂಶಕ್ಕೆ ಬಿಟ್ಟ ತಾಯಿ, ಇಬ್ಬರು ಸಾಕ್ಷಿ, ಕೊನೆಗೆ ಬಿಕ್ಕಲಂ, ಅಂದರೆ ಪತ್ರ ಬರೆದವರ ರುಜು. ಇದನ್ನು ಯಾರ ಫೈಲಿಗೆ ಹಾಕುತ್ತೀರಿ? ನಾಲ್ಕು ಜೆರಾಕ್ಸ್ ಮಾಡಿ ನಾಲ್ಕು ಫೈಲಿಗೆ ಹಾಕಿದರೆ, ಒಂದರ ಮೇಲೆ ಬರೆದ ತಿದ್ದುಪಡಿ ಉಳಿದ ಮೂರಕ್ಕೆ ಬರುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಒಂದೇ ಹೆಸರಿನವರು. ತಾತನ ಹೆಸರು ಮೊಮ್ಮಗನಿಗೆ ಇಡುವ ನಮ್ಮಲ್ಲಿ ಒಂದೇ ಮನೆಯಲ್ಲಿ ಮೂವರು ತಿಮ್ಮಪ್ಪಂದಿರು ಇರುತ್ತಾರೆ. ಮೊದಲ ದಿನವೇ ಕಾಗದವನ್ನು ಒಬ್ಬ ತಿಮ್ಮಪ್ಪನ ಫೈಲಿಗೆ ಹಾಕಿದಿರೆಂದರೆ ತೀರ್ಮಾನ ಮಾಡಿಬಿಟ್ಟಿರಿ ಅಂತಲೇ ಅರ್ಥ. ಅದು ಬೇರೆ ತಿಮ್ಮಪ್ಪನದಿರಬಹುದು ಎಂಬ ಅನುಮಾನ ಆಮೇಲೆ ಯಾರಿಗೂ ಬರುವುದಿಲ್ಲ.

ಕಾಗದವನ್ನು ಕಾಗದವಾಗಿಯೇ ಇಡಿ. ಬಂದ ಕ್ರಮದಲ್ಲಿ ಒಂದೊಂದಕ್ಕೂ ಓಡುವ ನಂಬರು: ಮೂ-0001, ಮೂ-0002 (ಮೂ ಅಂದರೆ ಮೂಲ). ನಂಬರಿನೊಳಗೆ ವರ್ಷ, ಊರು, ಹೆಸರು ಯಾವುದನ್ನೂ ತುರುಕಬೇಡಿ. ವರ್ಷ ತಪ್ಪೆಂದು ಆಮೇಲೆ ತಿಳಿದರೆ ನಂಬರೇ ಬದಲಾಯಿಸಬೇಕಾಗುತ್ತದೆ. ನಂತರ ಒಂದು ದಾಖಲೆ ವಹಿ. ಸಾಲಿಗೊಂದು ಕಾಗದ: ನಂಬರು, ಯಾವ ದಾಖಲೆ, ಅದರ ಮೇಲಿರುವ ತಾರೀಕು, ಊರು-ಹೋಬಳಿ-ತಾಲ್ಲೂಕು, ಅಸಲೋ ನಕಲೋ, ಯಾರಿಂದ ಯಾವತ್ತು ಸಿಕ್ಕಿತು, ಈಗ ಯಾವ ಪೆಟ್ಟಿಗೆಯಲ್ಲಿದೆ. ವ್ಯಕ್ತಿಗಳದ್ದು ಬೇರೆ ವಹಿ, ಬೇರೆ ನಂಬರು, ವ್ಯ-0001 ಅಂತ. ಮೂರನೆಯದೊಂದು ಪಟ್ಟಿ ಇವೆರಡನ್ನೂ ಬೆಸೆಯುತ್ತದೆ: ಮೂ-0047ರ ಎರಡನೇ ಪುಟದಲ್ಲಿರುವ 'ತಿಮ್ಮಪ್ಪ ಬಿನ್ ಕೆಂಚಪ್ಪ' ಎಂಬವನು ವ್ಯ-0012 ಇರಬಹುದು, ಕಾರಣ ಇಂಥದ್ದು. ಹೆಸರನ್ನು ಕಾಗದದಲ್ಲಿ ಇದ್ದಂತೆಯೇ ಬರೆಯಿರಿ. 'ಬಿನ್' (ಇಂಥವರ ಮಗ), 'ಕೋಂ' (ಇಂಥವರ ಹೆಂಡತಿ), 'ಉರುಫ್' (ಇನ್ನೊಂದು ಹೆಸರು) ಯಾವುದನ್ನೂ ಬಿಡಬೇಡಿ. ಆ 'ಬಿನ್' ಒಂದೇ ಎಷ್ಟೋ ಸಲ ಇಬ್ಬರು ತಿಮ್ಮಪ್ಪಂದಿರನ್ನು ಬೇರೆ ಮಾಡುತ್ತದೆ.

ಟ್ರಂಕಿಗೆ ಕೈ ಹಾಕುವ ಮೊದಲು ಒಂದು ಮಾತು. ಒಟ್ಟಿಗೆ ಕಟ್ಟಿಟ್ಟ ಕಟ್ಟುಗಳಿದ್ದರೆ ಬಿಚ್ಚುವ ಮುನ್ನವೇ ಫೋಟೊ ತೆಗೆಯಿರಿ. ಯಾವುದರ ಜೊತೆ ಯಾವುದಿತ್ತು ಅಂತ ಬರೆದಿಡಿ. ಹಿರಿಯರು ಒಂದು ವ್ಯಾಜ್ಯದ ಕಾಗದಗಳನ್ನು ಒಂದೇ ದಾರದಲ್ಲಿ ಕಟ್ಟಿಡುತ್ತಿದ್ದರು. ತಾರೀಕಿಲ್ಲದ ಚೀಟಿಗೆ ಆ ಕಟ್ಟೇ ತಾರೀಕು.

ಓಲೆಗರಿ

ಮೇಲಿನದು ಪೂರ್ತಿ ಒಪ್ಪಿದೆ. ನಂಬರು ಹಾಕುವ ಬಗೆ ಹೇಳಿಬಿಡುತ್ತೇನೆ, ಯಾಕೆಂದರೆ ಹಾಳಾಗುವುದು ಅಲ್ಲೇ. ಬಾಲ್ ಪೆನ್ನು, ಮಾರ್ಕರ್ ಬೇಡ. ಮೆತ್ತನೆಯ ಪೆನ್ಸಿಲಿನಲ್ಲಿ ಹಿಂಬದಿಯ ಮೂಲೆಯಲ್ಲಿ ಹಗುರವಾಗಿ ಬರೆಯಿರಿ. ಹಿಂಬದಿಯೂ ಪ್ಲಾಸ್ಟಿಕ್ ಪದರವಿರುವ ನುಣುಪು ಫೋಟೊಗಳಲ್ಲಿ ಪೆನ್ಸಿಲು ಹತ್ತುವುದಿಲ್ಲ. ಅವಕ್ಕೆ ನಂಬರನ್ನು ಲಕೋಟೆಯ ಮೇಲೆ ಬರೆದು, ಆಮೇಲೆ ಫೋಟೊ ಒಳಗಿಡಿ. ಒಳಗಿಟ್ಟು ಮೇಲೆ ಬರೆದರೆ ಅಚ್ಚು ಮೂಡುತ್ತದೆ.

ತುಕ್ಕು ಹಿಡಿದ ಗುಂಡುಸೂಜಿ, ಸ್ಟೇಪ್ಲರ್ ಪಿನ್ನು ಎಳೆಯಬೇಡಿ. ಹಿಂಬದಿಯಿಂದ ಕಾಲು ಬಿಡಿಸಿ ತೆಗೆಯಿರಿ. ಹರಿದದ್ದಕ್ಕೆ ಸೆಲ್ಲೋಟೇಪು ಬೇಡವೇ ಬೇಡ. ಅದರ ಅಂಟು ಕಾಗದಕ್ಕೆ ಇಳಿದು ಹಳದಿಯಾಗಿ, ಟೇಪು ಉದುರಿದ ಮೇಲೂ ಕಲೆ ಉಳಿಯುತ್ತದೆ. ಲ್ಯಾಮಿನೇಶನ್ ಅದಕ್ಕಿಂತ ಕೆಟ್ಟದ್ದು. ಬಿಸಿಗೆ ಕರಗಿ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗುವುದಿಲ್ಲ, ಹಳೇ ಛಾಪಾ ಕಾಗದ ಒಳಗೇ ಕಂದುತ್ತದೆ. ಪಾಲಿಥೀನ್ ಚೀಲದಲ್ಲಿ ಗಂಟು ಕಟ್ಟಿಡುವ ಅಭ್ಯಾಸ ಮಲೆನಾಡಿನಲ್ಲೂ ಕರಾವಳಿಯಲ್ಲೂ ಇದೆ. ಮಳೆಗಾಲದಲ್ಲಿ ಒಳಗಿನ ತೇವ ಹೊರಬರಲಾರದೆ ಬೂಷ್ಟು ಹಿಡಿಯುತ್ತದೆ. ಆಮ್ಲವಿಲ್ಲದ ಕಾಗದದ ಲಕೋಟೆ, ಅದು ರಟ್ಟಿನ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಗೋಡೆಗೆ ತಾಗದಂತೆ, ನೆಲದಿಂದ ಮೇಲೆ. ಅಟ್ಟ ಬೇಡ, ಹೆಂಚಿನ ಕೆಳಗೆ ಬೇಸಿಗೆಯಲ್ಲಿ ಕಾಗದ ಸುಟ್ಟಂತಾಗುತ್ತದೆ. ಪ್ಲಾಸ್ಟಿಕ್ ತೋಳೇ ಬೇಕೆಂದರೆ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕೇಳಿ, ಪಿವಿಸಿ ಬೇಡ.

ತಾಳೆಗರಿ ಸಿಕ್ಕರೆ ಅದಕ್ಕೆ ನಿಂಬೆಹುಲ್ಲಿನ ಎಣ್ಣೆ ಸವರುವುದುಂಟು. ಆ ಎಣ್ಣೆಯನ್ನು ಕಾಗದಕ್ಕೆ ಮಾತ್ರ ಮುಟ್ಟಿಸಬೇಡಿ.

ಪಡುಗಡಲು

ಸ್ಕ್ಯಾನ್ ಮಾಡುವಾಗ ಛಾಪಾ ಕಾಗದದ ಹಿಂಬದಿ ಬಿಟ್ಟುಬಿಡುವವರೇ ಜಾಸ್ತಿ ಮಾರಾಯ್ರೆ. ಎಷ್ಟೋ ಸಲ ಅಸಲು ಮಾಹಿತಿ ಇರುವುದೇ ಅಲ್ಲಿ. ಕಾಗದ ಮಾರಿದವನ ಷರಾ, ಕೊಂಡವರ ಹೆಸರು, ತಾರೀಕು, ನೋಂದಣಿ ಕಚೇರಿಯಲ್ಲಿ ಹಾಜರಾದವರ ಹೆಬ್ಬೆಟ್ಟು, ಅವರನ್ನು ಗುರುತಿಸಿದವರ ಹೆಸರು, ದಸ್ತಾವೇಜು ಸಂಖ್ಯೆ, ಪುಸ್ತಕ, ಸಂಪುಟ, ಪುಟ. ಅಸಲು ಕಳೆದರೂ ಈ ನಾಲ್ಕು ಅಂಕಿ ಇದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಬಹುದು. ಖಾಲಿ ಕಂಡರೂ ಎರಡೂ ಬದಿ ಸ್ಕ್ಯಾನ್ ಮಾಡಿ.

ಕಾಗದಕ್ಕೆ 300 ಡಿಪಿಐ ಸಾಕು, ಫೋಟೊಗೆ 600, ಪಾಸ್‌ಪೋರ್ಟ್ ಅಳತೆಯ ಚಿಕ್ಕ ಫೋಟೊಗೆ 1200. ಬಣ್ಣದಲ್ಲೇ ಮಾಡಿ; ಕಪ್ಪುಬಿಳುಪಿನಲ್ಲಿ ಮಾಡಿದರೆ ಮಾಸಿದ ಮಸಿ, ಕೆಂಪು ಮೊಹರು ಎರಡೂ ಒಂದೇ ಥರ ಕಾಣುತ್ತವೆ. ಅಸಲು ಸ್ಕ್ಯಾನ್ ಟಿಫ್‌ನಲ್ಲಿ ಇಟ್ಟು, ನೆಂಟರಿಗೆ ಕಳಿಸಲು ಬೇಕಾದರೆ ಜೆಪೆಗ್ ನಕಲು ತೆಗೆಯಿರಿ. ವಾಟ್ಸಾಪಿನಲ್ಲಿ ಫೋಟೊ ಅಂತ ಕಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ತಾರೀಕಿನ ವಿವರವೂ ಅಳಿಸಿಹೋಗುತ್ತದೆ. ಕಳಿಸುವವರಿಗೆ 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ. ನಿಮ್ಮ ಹತ್ತಿರ ಈಗ ಇರುವ ವಾಟ್ಸಾಪ್ ಚಿತ್ರಗಳನ್ನು ವಹಿಯಲ್ಲಿ 'ಕುಗ್ಗಿದ ನಕಲು' ಎಂದು ನಮೂದಿಸಿ, ಅಸಲು ಯಾರ ಮನೆಯಲ್ಲಿದೆ ಅಂತ ಬರೆಯಿರಿ.

ಮಲೆನಾಡಿಗ

ಬಹಳ ಉಪಕಾರ. ಪಹಣಿ ಒಂದೇ ಸರ್ವೆ ನಂಬರಿನದು ಬೇರೆ ಬೇರೆ ವರ್ಷದ್ದು ಇದೆ. ಎಲ್ಲಕ್ಕೂ ಬೇರೆ ನಂಬರು ಬೇಕೇ? ವಂಶಾವಳಿಗೆ ಅದರಿಂದ ಸಿಗುವುದೇನು?

ಕಂದಾಯದ ಕಟ್ಟು

ಬೇರೆ ಬೇರೆ ಪ್ರತಿಯಾದರೆ ಬೇರೆ ನಂಬರೇ. ಪಹಣಿಯಿಂದ ಸಿಗುವುದು ಬಹಳ. ಒಂಬತ್ತನೇ ಕಾಲಂನಲ್ಲಿ ಖಾತೆದಾರರ ಹೆಸರಿರುತ್ತದೆ, ಎಲ್ಲರೂ ನೋಡಿ ಅಲ್ಲಿಗೇ ಬಿಡುತ್ತಾರೆ. ಪಕ್ಕದ ಹತ್ತನೇ ಕಾಲಂ ನೋಡಿ. ಆ ಜಮೀನು ಅವರಿಗೆ ಹೇಗೆ ಬಂತು ಅಂತ ಅಲ್ಲಿರುತ್ತದೆ. ಎಂ.ಆರ್. 14/1972-73 ಎಂಬಂತೆ ಒಂದು ನಂಬರು ಕಂಡರೆ ಅದೇ ದಾರಿ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಆ ವರ್ಷದ ಮ್ಯುಟೇಶನ್ ರಿಜಿಸ್ಟರಿನ (ಎಂ.ಆರ್., ಖಾತೆ ಬದಲಾವಣೆಯ ವಹಿ) ನಕಲು ಕೇಳಿ. ಫೌತಿ ಖಾತೆಯಾಗಿದ್ದರೆ, ಅಂದರೆ ಸಾವಿನ ನಂತರ ವಾರಸುದಾರರಿಗೆ ಖಾತೆಯಾಗಿದ್ದರೆ, ತೀರಿಕೊಂಡವರ ಹೆಸರು, ವಾರಸುದಾರರು, ಕೆಲವೊಮ್ಮೆ ಅವರ ಹೇಳಿಕೆಯೂ ಸಿಗುತ್ತದೆ. ಹಿಂದಿನ ಎಂ.ಆರ್. ಹಿಡಿದು ಹೀಗೆ ಒಂದೊಂದೇ ತಲೆಮಾರು ಮೇಲೆ ಹತ್ತಬಹುದು. ಅದಕ್ಕೂ ಹಿಂದಕ್ಕೆ ಹಳೇ ಮೈಸೂರಿನ ಕಡೆ ಆರ್.ಆರ್. (ಹಕ್ಕು ದಾಖಲೆ), ಐ.ಎಲ್. (ಜಮೀನುಗಳ ಸೂಚಿ) ಪುಸ್ತಕಗಳನ್ನು ಕೇಳಬೇಕು.

ಎಡವುವುದು ಇಲ್ಲಿ. ಖಾತೆ ಬದಲಾದ ವರ್ಷವನ್ನೇ ಸಾವಿನ ವರ್ಷ ಎಂದು ಬರೆದುಬಿಡುತ್ತಾರೆ. ಫೌತಿ ಖಾತೆ ಸಾವಿನ ಹತ್ತಿಪ್ಪತ್ತು ವರ್ಷದ ಮೇಲೂ ಆಗುತ್ತದೆ, ಸಾಲ ತೆಗೆಯುವ ಕಾಲ ಬರುವ ತನಕ ಯಾರೂ ಕಚೇರಿಗೆ ಹೋಗಿರುವುದಿಲ್ಲ. ಆದ್ದರಿಂದ ವಹಿಯಲ್ಲಿ '1972-73ಕ್ಕೆ ಮೊದಲು ತೀರಿಕೊಂಡಿದ್ದಾರೆ' ಎಂದಷ್ಟೇ ಬರೆಯಿರಿ. ಹಾಗೆಯೇ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಆಚೆ ಖಾತೆದಾರರ ಹೆಸರು ಒಮ್ಮೆಲೇ ಬೇರೆ ಮನೆತನದ್ದಾದರೆ ಸಂಬಂಧ ಹುಡುಕಲು ಹೊರಡಬೇಡಿ, ಗೇಣಿದಾರರಿಗೆ ಹೋಗಿರುತ್ತದೆ. ಆಗ ಭೂನ್ಯಾಯ ಮಂಡಳಿಗೆ ಕೊಟ್ಟ ಫಾರಂ ನಂಬರ್ 7ರ ಕಡತ ಸಿಕ್ಕರೆ ಬಿಡಬೇಡಿ. ಗೇಣಿದಾರರ ಮನೆತನದವರಿಗೆ ಕ್ರಯಪತ್ರವೇ ಇರುವುದಿಲ್ಲವಲ್ಲ, ಅವರ ಪಾಲಿಗೆ ಎಷ್ಟೋ ಕಡೆ ಇದೇ ಮೊದಲ ಕಾಗದ.

ಪಹಣಿಯನ್ನು ಉಲ್ಲೇಖಿಸುವಾಗ ಗ್ರಾಮ, ಹೋಬಳಿ, ತಾಲ್ಲೂಕು, ಸರ್ವೆ ನಂಬರು, ಹಿಸ್ಸಾ, ಸಾಲು (ಯಾವ ವರ್ಷದ್ದು), ಕಾಲಂ ಇಷ್ಟೂ ಇರಲಿ. 'ಅಜ್ಜನ ಪಹಣಿ' ಎಂದು ಬರೆದಿಟ್ಟರೆ ಮೊಮ್ಮಕ್ಕಳಿಗೆ ಏನೂ ತಿಳಿಯುವುದಿಲ್ಲ. ಪೋಡಿಯಾದ (ಜಮೀನು ಅಳೆದು ಭಾಗ ಮಾಡಿದ) ಮೇಲೆ ಹಿಸ್ಸಾ ಬದಲಾಗುತ್ತದೆ, ಹಳೆಯದು ಹೊಸದು ಎರಡನ್ನೂ ಬರೆಯಿರಿ.

ಪೇಢಾನಗರಿ

ನಮ್ಮ ಕಡೆ ಪಹಣಿಗೆ ಉತಾರ ಅಂತಾರ್ರಿ, ಫೌತಿ ಖಾತೆಗೆ ವಾರಸಾ. ಕಚೇರಿಯೊಳಗ ಅಲ್ಲಿಯ ಮಾತಿನ್ಯಾಗ ಕೇಳಿದ್ರ ಲಗೂನ ಸಿಗತದ. ಬೆಳಗಾವಿ, ಧಾರವಾಡ, ವಿಜಯಪುರ ಭಾಗದ ಹಳೇ ಕಾಗದ ಮೋಡಿ ಲಿಪಿಯೊಳಗ ಇರಬಹುದು, ಬೀದರ್, ಕಲಬುರಗಿ, ರಾಯಚೂರದಾಗ ಉರ್ದು. ಓದಾಕ ಬರೂದಿಲ್ಲ ಅಂತ ಬದಿಗಿಡಬ್ಯಾಡ್ರಿ. ನಂಬರ ಹಾಕಿ ಸ್ಕ್ಯಾನ್ ಮಾಡಿ ಇಡ್ರಿ. ಯಾರರೆ ಓದಿಕೊಟ್ರ ಅವರ ಓದು ಬ್ಯಾರೆ ನಂಬರ. ಓದು ಅನ್ನೂದು ಅಸಲು ಅಲ್ಲ, ಓದಿದವರು ತಪ್ಪಿರಬಹುದು.

ಮತ್ತ ಹೆಳವರ ಸುದ್ದಿ ಯಾರೂ ತಗೀಲಿಲ್ಲಲ್ರಿ! ಸುಗ್ಗಿ ಮುಗದ ಮ್ಯಾಲೆ ಎತ್ತು ಹೂಡಿಕೊಂಡು ಬಂದು ಮನಿತನದ ಹಿರೇರ ಹೆಸರು ಸಾಲಾಗಿ ಹೇಳತಾರ. ಅವರು ಬಂದಾಗ ಪೂರ್ತಿ ಧ್ವನಿಮುದ್ರಣ ಮಾಡ್ರಿ, ಅದಕ್ಕೂ ಒಂದು ನಂಬರ. ಅವರ ಊರು, ಯಾವ ತಾರೀಖು, ಯಾವ ತಲೆಮಾರು ಪುಸ್ತಕ ನೋಡಿ ಓದಿದ್ರು, ಯಾವುದು ಬಾಯಿಲೆ ಹೇಳಿದ್ರು, ಇದನ್ನ ಬ್ಯಾರೆ ಬ್ಯಾರೆ ಬರಕೋರಿ. ಅವರ ಪಟ್ಟಿ ಹೆಚ್ಚಾಗಿ ಗಂಡುಸಂತತಿದು, ಹೆಣ್ಣಮಕ್ಕಳ ಹೆಸರು ಅದರಾಗ ಇಲ್ಲ ಅಂದಕೂಡಲೆ ಹೆಣ್ಣಮಕ್ಕಳು ಇರಲಿಲ್ಲ ಅಂತ ತಿಳೀಬಾರದು. ಹೆಣ್ಣಮಕ್ಕಳ ಸಲುವಾಗಿ ಮುಯ್ಯಿ ಪುಸ್ತಕ ನೋಡ್ರಿ. ಯಾವ ಊರಿಂದ ಯಾರು ಎಷ್ಟು ಮುಯ್ಯಿ ಮಾಡಿದ್ರು ಅಂತ ಇರತದಲ್ಲ, ಕೊಟ್ಟ ಊರು ತಂದ ಊರು ಎಲ್ಲಾ ಅದರಾಗ ಸಿಗತಾವ. ನನ್ನ ಮಟ್ಟಿಗೆ ಲಗ್ನಪತ್ರಿಕೆಗಿಂತ ಮುಯ್ಯಿ ಪುಸ್ತಕನ ಮೇಲು.

ಪಂಚಾಂಗಿ

ತಾರೀಕಿನ ವಿಷಯಕ್ಕೆ ಬರೋಣ. ವಹಿಯಲ್ಲಿ ತಾರೀಕಿಗೆ ಎರಡು ಕಾಲಂ ಬೇಕು: ಒಂದು ಕಾಗದದಲ್ಲಿ ಇದ್ದಂತೆ, ಇನ್ನೊಂದು ನೀವು ಲೆಕ್ಕ ಹಾಕಿದ್ದು. ಮೊದಲನೆಯದನ್ನು ಯಾವತ್ತೂ ತಿದ್ದಬಾರದು.

'ಕ್ರೋಧಿ ಸಂವತ್ಸರದ ಆಶ್ವಯುಜ ಬಹುಳ ಪಂಚಮಿ' ಎಂದಷ್ಟೇ ಇದ್ದರೆ ಅದು 1904 ಆಗಬಹುದು, 1964 ಕೂಡ ಆಗಬಹುದು. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ಶಕ ವರ್ಷ ಕೊಟ್ಟಿದ್ದರೆ ಗೊಂದಲವಿಲ್ಲ: 78 ಸೇರಿಸಿ. ಶಕ 1826 ಅಂದರೆ 1904ರ ಯುಗಾದಿಯಿಂದ ಶುರು. ಆದರೆ ಮಾಘ, ಫಾಲ್ಗುಣ ಬಂದರೆ ಇಂಗ್ಲಿಷ್ ವರ್ಷ ಮುಂದಿನದು, 79 ಸೇರಿಸಬೇಕು. ಪುಷ್ಯ ಡಿಸೆಂಬರ್-ಜನವರಿಯ ನಡುವೆ ಬೀಳುವುದರಿಂದ ತಿಥಿ ನೋಡಿಯೇ ನಿರ್ಧರಿಸಬೇಕು. ಶಕ ಇಲ್ಲದಿದ್ದರೆ ವಾರ, ನಕ್ಷತ್ರ ಇದೆಯೇ ನೋಡಿ. ಎರಡು ಸಾಧ್ಯ ವರ್ಷಗಳಲ್ಲಿ ಆ ತಿಥಿಗೆ ಆ ವಾರ ಎರಡೂ ಕಡೆ ಹೊಂದುವುದು ಅಪರೂಪ.

ಜಾತಕದಲ್ಲಿ ಒಂದು ದಿನದ ವ್ಯತ್ಯಾಸ ಬರುವುದಕ್ಕೆ ಕಾರಣ ಇದು: ಪಂಚಾಂಗದ ವಾರ ಸೂರ್ಯೋದಯಕ್ಕೆ ಬದಲಾಗುತ್ತದೆ. ಬೆಳಗಿನ ಜಾವ ಮೂರಕ್ಕೆ ಹುಟ್ಟಿದ ಮಗುವಿಗೆ ಜಾತಕ ಸೋಮವಾರ ಎನ್ನುತ್ತದೆ, ಇಂಗ್ಲಿಷ್ ಲೆಕ್ಕದಲ್ಲಿ ಮಂಗಳವಾರ. ಎರಡೂ ಸರಿ. ಶ್ರಾದ್ಧದ ತಿಥಿಯೂ ಹೀಗೇ ಒಳ್ಳೆಯ ಸಾಕ್ಷ್ಯ. ಮಾಸ, ಪಕ್ಷ, ತಿಥಿ ಮನೆಯಲ್ಲಿ ತಪ್ಪದೆ ಉಳಿದಿರುತ್ತದೆ, ವರ್ಷ ಮಾತ್ರ ಹೋಗಿರುತ್ತದೆ. ಹೆಸರುಗಳು ಬಹುಕಾಲ ಉಳಿಯುವುದಿಲ್ಲ, ಶ್ರಾದ್ಧದಲ್ಲಿ ಹೇಳುವುದು ಮೂರು ತಲೆಮಾರು. ಮನೆಯ ಹಿರಿಯರ ಬಾಯಿಂದ ಅವನ್ನು ಈಗಲೇ ಬರೆದುಕೊಳ್ಳಿ.

ಕಾಶಿ, ಗಯೆಯ ಪಂಡರ (ತೀರ್ಥ ಪುರೋಹಿತರ) ಬಹಿಯಿಂದ, ಅಂದರೆ ಅವರ ವಂಶಾವಳಿ ವಹಿಯಿಂದ, ನಕಲು ತಂದಿದ್ದರೆ ಎಚ್ಚರ. ಉತ್ತರದ ಸಂವತ್ಸರದ ಹೆಸರು ನಮ್ಮದಕ್ಕೆ ಹೊಂದುವುದಿಲ್ಲ, ಅಲ್ಲಿ ವಿಕ್ರಮ ಶಕೆಯೂ ನಡೆಯುತ್ತದೆ. ಫಸಲಿ ವರ್ಷಕ್ಕೆ (ಕಂದಾಯ ಲೆಕ್ಕದ ವರ್ಷ) 590 ಸೇರಿಸಿ. ಮದ್ರಾಸ್ ಸೀಮೆಯ ಫಸಲಿ ಜುಲೈ 1ಕ್ಕೆ ಶುರು.

ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದು ಹುಟ್ಟಿದ ದಿನ ಕಂಡರೆ ನಂಬುವ ಮೊದಲು ಇನ್ನೊಂದು ಆಧಾರ ಹುಡುಕಿ. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಸರಿಹೊಂದಲಿ ಅಂತ ಮೇಷ್ಟ್ರು ಬರೆದುಕೊಂಡದ್ದೇ ಹೆಚ್ಚು.

ಪಡುಗಡಲು

ಊರಿನ ಹೆಸರಿಗೂ ಎರಡು ಕಾಲಂ ಮಾಡಿ. ಕಾಗದದ ಕಾಲದ ಜಿಲ್ಲೆ ಒಂದು, ಈಗಿನದು ಒಂದು. 1956ಕ್ಕೆ ಮುಂಚಿನ ಕೊಳ್ಳೇಗಾಲದ ಕಾಗದ ಕೊಯಮತ್ತೂರು ಜಿಲ್ಲೆಯದು. ಕಾಸರಗೋಡು ಆಗ ದಕ್ಷಿಣ ಕನ್ನಡ, ಈಗ ಕೇರಳ. ದಾವಣಗೆರೆ 1997ರ ತನಕ ಚಿತ್ರದುರ್ಗ ಜಿಲ್ಲೆ. ಈಗಿನ ಹೆಸರು ಮಾತ್ರ ಬರೆದಿಟ್ಟರೆ ಮುಂದೆ ಹುಡುಕುವವರು ತಪ್ಪು ಕಚೇರಿಯ ಬಾಗಿಲು ತಟ್ಟುತ್ತಾರೆ.

ನಮ್ಮ ಕರಾವಳಿಯವರಿಗೆ ಇನ್ನೊಂದು ಮಾತು. ಅಳಿಯಸಂತಾನದ (ಹೆಣ್ಣಿನ ಮೂಲಕ ವಂಶ ಇಳಿಯುವ) ಮನೆತನದ ಹಳೇ ದಾಖಲೆಯಲ್ಲಿ ಒಬ್ಬ ಯಜಮಾನನ ನಂತರ ಬರುವ ಹೆಸರು ಮಗನದ್ದಲ್ಲ, ತಮ್ಮನದ್ದೋ ಅಕ್ಕತಂಗಿಯ ಮಗನದ್ದೋ ಇರುತ್ತದೆ. ತಂದೆ-ಮಗ ಎಂದು ಗೆರೆ ಎಳೆದರೆ ಇಡೀ ಪಟ್ಟಿ ಹಾಳು. ವಿಭಾಗಪತ್ರದ 'ಕವರು' ಅಂದರೆ ಒಬ್ಬ ಹೆಂಗಸು, ಆಕೆಯ ಮಕ್ಕಳು, ಹೆಣ್ಣುಮಕ್ಕಳ ಮೂಲಕ ಇಳಿದ ಸಂತತಿ. ಅದನ್ನು ಆ ಹೆಂಗಸಿನ ನಂಬರಿಗೇ ಜೋಡಿಸಬೇಕು.

ಲಿನಕ್ಸ್ ಪ್ರೇಮಿ

ಕಂಪ್ಯೂಟರಿನ ಪ್ರಶ್ನೆಗೆ ಉತ್ತರ ಬಾಕಿ ಇದೆ. ಗ್ರ್ಯಾಂಪ್ಸ್ ಎಂಬ ವಂಶಾವಳಿ ತಂತ್ರಾಂಶ ಉಚಿತ, ಕನ್ನಡ ಯೂನಿಕೋಡ್ ಸರಿಯಾಗಿ ಹಿಡಿಯುತ್ತದೆ. ಭಂಡಾರ (ಯಾವ ಕಚೇರಿ, ಯಾರ ಮನೆ), ಮೂಲ (ಯಾವ ದಾಖಲೆ), ಉಲ್ಲೇಖ (ಯಾವ ಪುಟ, ಯಾವ ಕಾಲಂ) ಎಂಬ ಮೂರು ಹಂತ ಅದರಲ್ಲಿ ಬೇರೆ ಬೇರೆ ಇವೆ. ಉಲ್ಲೇಖಕ್ಕೆ ಎಷ್ಟು ನಂಬಿಕೆ ಅಂತ ಐದು ಮಟ್ಟದಲ್ಲಿ ಗುರುತಿಸಬಹುದು. ಕಂದಾಯದ ಕಟ್ಟು ಹೇಳಿದ ಮೂರು ವಹಿಗಳು ಹೆಚ್ಚುಕಮ್ಮಿ ಹಾಗೆಯೇ ಇಲ್ಲಿ ಕೂರುತ್ತವೆ.

ವಿದೇಶದ ಪುಸ್ತಕಗಳಲ್ಲಿ ಬರುವ ಆನೆನ್‌ಟಾಫೆಲ್ ನಂಬರನ್ನು ಗುರುತಿನ ಸಂಖ್ಯೆಯಾಗಿ ಬಳಸಬೇಡಿ. ಅದರಲ್ಲಿ ನೀವು 1, ತಂದೆ 2, ತಾಯಿ 3, ಯಾರ ತಂದೆಯಾದರೂ ಅವರ ನಂಬರಿನ ಇಮ್ಮಡಿ, ತಾಯಿ ಅದಕ್ಕೆ ಒಂದು ಹೆಚ್ಚು. ನಮ್ಮಲ್ಲಿ ಸೋದರಮಾವ ಅಕ್ಕನ ಮಗಳನ್ನು ಮದುವೆಯಾಗುವುದುಂಟಲ್ಲ. ಆಗ 2ರ ತಂದೆತಾಯಿ 4 ಮತ್ತು 5. 3ರ ತಾಯಿ 7 ಎಂದರೆ 2ರ ಅಕ್ಕ, ಆಕೆಯ ತಂದೆತಾಯಿ 14 ಮತ್ತು 15. ಅಂದರೆ 4, 14 ಒಬ್ಬರೇ. 5, 15 ಒಬ್ಬರೇ. ಅವರಿಂದ ಮೇಲಿನವರೆಲ್ಲರಿಗೂ ಎರಡೆರಡು ನಂಬರು. ವ್ಯ-0001 ಥರದ ಓಡುವ ನಂಬರಿಗೆ ಈ ರಗಳೆ ಇಲ್ಲ. ಮದುವೆಯಲ್ಲಿ ಹೆಸರು ಬದಲಾದ ಹೆಂಗಸರಿಗೂ, ದತ್ತು ಹೋದವರಿಗೂ ಅದೇ: ನಂಬರು ಒಂದೇ, ಹೆಸರು ಎಷ್ಟಾದರೂ.

ಕಂದಾಯದ ಕಟ್ಟು

ತಂತ್ರಾಂಶ ಬೇಕೇ ಬೇಕು ಅಂತಿಲ್ಲ. ರಟ್ಟು ಹಾಕಿದ ವಹಿಯನ್ನು ನೂರು ವರ್ಷದ ಮೇಲೂ ಓದಬಹುದು. 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪು ಮಾಡಿಟ್ಟ ಕಡತಗಳು ಈಗ ತೆರೆದರೆ ಬರೀ ಅಂಕುಡೊಂಕು ಅಕ್ಷರ.

ಲಿನಕ್ಸ್ ಪ್ರೇಮಿ

ಅವನ್ನು ಯೂನಿಕೋಡಿಗೆ ಪರಿವರ್ತಿಸಬಹುದು ಸರ್, ಒತ್ತಕ್ಷರ ಮತ್ತು ಅರ್ಕಾವತ್ತು ಒಮ್ಮೆ ಕಣ್ಣಾಡಿಸಿದರೆ ಸಾಕು. ವಹಿಯನ್ನು ನಾನೂ ಬೇಡ ಅನ್ನುವುದಿಲ್ಲ, ಆದರೆ ಅದರ ಪ್ರತಿ ಒಂದೇ ಮನೆಯಲ್ಲಿರುತ್ತದೆ. ಬೆಂಕಿ, ಗೆದ್ದಲು, ಪಾಲು ಯಾವುದು ಬಂದರೂ ಹೋಯಿತು. ಕಡತದ ಪ್ರತಿಗಳು ಮೂರಿರಲಿ: ಕಂಪ್ಯೂಟರಿನಲ್ಲಿ, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನ ಮನೆಯಲ್ಲೋ ಕ್ಲೌಡಿನಲ್ಲೋ. ಗೆಡ್‌ಕಾಮ್ 5.5.1 (ವಂಶಾವಳಿ ತಂತ್ರಾಂಶಗಳ ನಡುವೆ ಮಾಹಿತಿ ಸಾಗಿಸುವ ಮಾದರಿ) ಕಡತ ಮಾಡಿ ಕಳಿಸಿದರೆ ಎಲ್ಲವೂ ತಲುಪಿತೆಂದು ತಿಳಿಯಬೇಡಿ. ಅದರಲ್ಲಿ ಚಿತ್ರ ಎಲ್ಲಿದೆ ಎಂಬ ದಾರಿ ಮಾತ್ರ ಇರುತ್ತದೆ, ಚಿತ್ರ ಇರುವುದಿಲ್ಲ. ಫೋಟೊ ಫೋಲ್ಡರು ಬೇರೆಯಾಗಿ ಕೊಡಬೇಕು.

ಎಕ್ಸೆಲ್ ಬಳಸುವವರಿಗೆ: ಹಿಸ್ಸಾ ಸಮೇತ ಸರ್ವೆ ನಂಬರು 12/2 ಎಂದು ಹೊಡೆದರೆ ಅದು ತಾನಾಗಿ ತಾರೀಕಾಗಿಬಿಡುತ್ತದೆ, ಫೆಬ್ರವರಿಯೋ ಡಿಸೆಂಬರೋ ಎನ್ನುವುದು ಕಂಪ್ಯೂಟರಿನ ಸೆಟ್ಟಿಂಗಿನ ಮೇಲೆ. ಸೇವ್ ಮಾಡಿದ ಮೇಲೆ ಅಸಲು ಏನಿತ್ತು ಅಂತ ಗೊತ್ತಾಗುವುದಿಲ್ಲ. ಟೈಪು ಮಾಡುವ ಮೊದಲೇ ಇಡೀ ಕಾಲಂ 'ಟೆಕ್ಸ್ಟ್' ಮಾಡಿ. 1900ಕ್ಕೆ ಹಿಂದಿನ ತಾರೀಕು ಎಕ್ಸೆಲ್‌ಗೆ ತಾರೀಕೇ ಅಲ್ಲ, ಸಾಲು ಜೋಡಿಸುವಾಗ ಕೊನೆಗೆ ಹೋಗಿ ಕೂರುತ್ತದೆ. ವರ್ಷಕ್ಕೆ ಬೇರೆ ಕಾಲಂ ಇಟ್ಟು ಬರೀ ಅಂಕಿ ಹಾಕಿ.

ಓಲೆಗರಿ

ಹಂಚುವ ಮುನ್ನ ಬದುಕಿರುವವರ ವಿವರ ತೆಗೆಯಿರಿ. ಈಚಿನ ವಂಶವೃಕ್ಷದ ಅರ್ಜಿ, ಬ್ಯಾಂಕ್ ಕಾಗದಗಳ ಸ್ಕ್ಯಾನಿನಲ್ಲಿ ಆಧಾರ್ ನಂಬರು ಹಾಗೇ ಇರುತ್ತದೆ. ಹಂಚುವ ಪ್ರತಿಯಲ್ಲಿ ಅದನ್ನು ಮುಚ್ಚಿ. ಪಾಲಿನ ಮೊಕದ್ದಮೆ ನಡೆಯುತ್ತಿದ್ದರೆ ಮುಗಿಯುವ ತನಕ ಯಾವ ಗುಂಪಿಗೂ ಹಾಕದಿರುವುದು ಮೇಲು.

ಮಲೆನಾಡಿಗ

ಎಲ್ಲರಿಗೂ ವಂದನೆ. ಕೊನೆಯ ಪ್ರಶ್ನೆ. ಒಂದು ಕ್ರಯಪತ್ರ ಮಡಿಕೆಯಲ್ಲಿ ಹರಿದು ಎರಡು ತುಂಡಾಗಿದೆ, ಒಂದರಲ್ಲಿ ಮಾತ್ರ ತಾರೀಕಿದೆ. ಎರಡು ನಂಬರು ಹಾಕಬೇಕೇ?

ಕಂದಾಯದ ಕಟ್ಟು

ಕೈಬರಹ, ಸಾಲುಗಳ ಮುಂದುವರಿಕೆ, ಛಾಪಾ ಮುದ್ರೆ ಮೂರೂ ಕೂಡಿದರೆ ಒಂದೇ ನಂಬರು, ತುಂಡಿಗೆ ಅ, ಆ. ಕೂಡುವುದು ಖಾತ್ರಿಯಿಲ್ಲದಿದ್ದರೆ ಎರಡು ನಂಬರು ಕೊಟ್ಟು, 'ಮೂ-0063ರ ಜೊತೆಯದಿರಬಹುದು' ಎಂದು ಷರಾ ಬರೆಯಿರಿ. ಆಮೇಲೆ ಒಂದೇ ಎಂದು ತಿಳಿದರೆ ಎರಡನೇ ನಂಬರನ್ನು ರದ್ದು ಮಾಡಿ ಹಾಗೇ ಬಿಡಿ, ಬೇರೆ ಕಾಗದಕ್ಕೆ ಮತ್ತೆ ಕೊಡಬೇಡಿ.